ಪೆಟ್ಟಿಗೆಯೊಳಗಿನ ವಿಮಾನ, ಮೇಜಿನ ಮೇಲಿನ ವಿಮಾನ

ಲೇಪಾಕ್ಷಿಯ ಬಸವಣ್ಣನ ಮುಂದೆ ನಿಂತಾಗಲೆಲ್ಲ ನನಗೆ ಒಂದು ವಿಮಾನ ನೆನಪಾಗುತ್ತದೆ. ಒಂದೇ ಬಂಡೆಯಲ್ಲಿ ಕಡೆದ ಆ ನಂದಿಯ ಉದ್ದ ಸುಮಾರು 27 ಅಡಿ. 1965 ಮತ್ತು 1971ರ ಯುದ್ಧಗಳಲ್ಲಿ ಹೆಸರು ಮಾಡಿದ ನ್ಯಾಟ್ ಫೈಟರ್‌ನ ಉದ್ದ 28 ಅಡಿ 8 ಅಂಗುಲ. ನಂದಿಯ ಪಕ್ಕಕ್ಕೆ ತಂದು ನಿಲ್ಲಿಸಿದರೆ ಅದರ ಮೂತಿ ಒಂದೂವರೆ ಅಡಿಯಷ್ಟು ಮುಂದೆ ಚಾಚೀತು, ಅಷ್ಟೇ. ಇನ್ನು 1/72ರ ಲೆಕ್ಕಕ್ಕೆ ಇಳಿಸಿ ನೋಡಿ. ಆರು ಅಡಿಗೆ ಒಂದು ಅಂಗುಲ. ನಂದಿ ನಾಲ್ಕೂವರೆ ಅಂಗುಲಕ್ಕೆ ಬರುತ್ತಾನೆ, ನ್ಯಾಟ್ ಅವನಿಗಿಂತ ಕಾಲಂಗುಲ ಉದ್ದ. ಎರಡನ್ನೂ ಒಂದೇ ಅಂಗೈಯಲ್ಲಿ ಇಟ್ಟುಕೊಳ್ಳಬಹುದು.

ಹಿಂದೂಪುರದವರಿಗೆ ವಿಮಾನ ದೂರದ ವಸ್ತುವಲ್ಲ. ಬೆಂಗಳೂರಿಗೆ ಹೋಗುವ ರೈಲು ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಯಲಹಂಕದ ಮೂಲಕವೇ ಸಾಗುತ್ತದೆ. 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುವುದು ಅದೇ ಯಲಹಂಕದಲ್ಲಿ. ಆ ವಾರ ಕಿಟಕಿ ಪಕ್ಕದ ಸೀಟಿಗೆ ಎಷ್ಟು ಬೇಡಿಕೆ ಎಂಬುದು ನಮ್ಮ ಕಡೆಯ ಮಕ್ಕಳಿಗೆ ಗೊತ್ತು. ನನ್ನ ಹುಚ್ಚು ಹತ್ತಿದ್ದೂ ಹಾಗೆಯೇ. ಹಿಂದೂಪುರದ ಮನೆಯ ಮಹಡಿಯಲ್ಲಿ ಶುರುವಾಯಿತು, ರಜೆ ಬಂದಾಗ ಕಲ್ಯಾಣದುರ್ಗದ ಅಜ್ಜಿಯ ಮನೆಯ ಪಡಸಾಲೆಗೂ ಹರಡಿತು. ಪ್ಲಾಸ್ಟಿಕ್ ಕಿಟ್ ತಂದು ವಿಮಾನ ಕಟ್ಟುವುದು ಮೊದಲ ಹಂತ. ಆ ಕಿಟ್ಟನ್ನು ಕೊಯ್ದು, ಅರೆದು, ಸೇರಿಸಿ, ಪೆಟ್ಟಿಗೆಯಲ್ಲಿ ಇಲ್ಲದ ಇನ್ನೊಂದು ವಿಮಾನವನ್ನಾಗಿ ಮಾಡುವುದು ಎರಡನೆಯದು. ಈ ಎರಡನೆಯದರ ಬಗ್ಗೆ ಕನ್ನಡದಲ್ಲೂ ತೆಲುಗಿನಲ್ಲೂ ನಾನು ಕೇಳಿಸಿಕೊಂಡ ತಪ್ಪು ಮಾತುಗಳು ಬಹಳ. ಕೆಲವನ್ನು ನಾನೇ ನಂಬಿದ್ದೆ.

ತಪ್ಪು ಕಲ್ಪನೆ: ಇದು ಮಕ್ಕಳ ಆಟಿಕೆ

ಸುಂಕದ ಇಲಾಖೆಯೂ ಹಾಗೆಯೇ ಹೇಳುತ್ತದೆ. ಗೊಂಬೆ, ಮೂರು ಚಕ್ರದ ಸೈಕಲ್ಲು, ಪಝಲ್‌ಗಳಿರುವ 9503ನೇ ಶೀರ್ಷಿಕೆಯಲ್ಲೇ ಅಳತೆಯ ಮಾದರಿಗಳೂ ಸೇರಿವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದಾಗ ನಮ್ಮ ಕಿಟ್‌ಗಳಿಗೂ ಅದೇ ಬಿಸಿ ತಟ್ಟಿತು.

ಆದರೆ ಈ 1/72 ಅಳತೆಯ ಚರಿತ್ರೆ ಬೇರೆಯೇ ಇದೆ. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲಾ ವಿದ್ಯಾರ್ಥಿಗಳಿಂದ ಐದು ಲಕ್ಷ ಮರದ ವಿಮಾನ ಮಾದರಿಗಳನ್ನು ಕೇಳಿತು. ಅಳತೆ ಇದೇ, 1/72. ಆಕಾಶದಲ್ಲಿ ಕಂಡ ನೆರಳು ಶತ್ರುವಿನದೋ ನಮ್ಮವರದೋ ಎಂದು ಸೈನಿಕರು ಕ್ಷಣದಲ್ಲಿ ಗುರುತಿಸಲು ಕಲಿಯಬೇಕಿತ್ತು. ರೆಕ್ಕೆಯ ಆಕಾರ ತಪ್ಪಿದ್ದ ಮಾದರಿಯಿಂದ ಅಲ್ಲಿ ಉಪಯೋಗವಿರಲಿಲ್ಲ. ಆಕಾರ ಸರಿಯಿರಬೇಕೆಂಬ ಹಠ ಈ ಹವ್ಯಾಸಕ್ಕೆ ಬಂದದ್ದರಲ್ಲಿ ಆ ಕಾಲದ ಪಾಲಿದೆ. 1953ರಲ್ಲಿ ಕಿಟ್ ಕಂಪನಿ ಏರ್‌ಫಿಕ್ಸ್ ತನ್ನ ಮೊದಲ ವಿಮಾನವಾದ ಸ್ಪಿಟ್‌ಫೈರ್ ಕಿಟ್ ಹೊರತಂದಾಗ ಆರಿಸಿಕೊಂಡದ್ದೂ ಇದೇ ಅಳತೆಯನ್ನು.

ತಪ್ಪು ಕಲ್ಪನೆ: ಕಿಟ್ ಕೊಯ್ದರೆ ಕಿಟ್ ಕೆಟ್ಟಂತೆ

ನನ್ನ ಇಡೀ ಹವ್ಯಾಸ ನಿಂತಿರುವುದು ಈ ಮಾತಿಗೆ ಕೊಡುವ ಉತ್ತರದ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.

ಯಾವ ಕಿಟ್ಟೂ 'ನ್ಯಾಟ್' ಅಥವಾ 'ಮಿಗ್' ಎಂಬ ಸಾಮಾನ್ಯ ವಸ್ತುವಲ್ಲ. ಅದು ಒಂದು ನಿರ್ದಿಷ್ಟ ಮಾದರಿ, ಒಂದು ದೇಶದ್ದು, ಒಂದು ಕಾಲದ್ದು. ಏರ್‌ಫಿಕ್ಸ್‌ನ 1/72 ನ್ಯಾಟನ್ನೇ ತೆಗೆದುಕೊಳ್ಳಿ. ಅದು ಬ್ರಿಟನ್ನಿನ ತರಬೇತಿ ವಿಮಾನ ಟಿ.1, ಇಬ್ಬರು ಕೂರುವಂಥದ್ದು. ರೆಡ್ ಆರೋಸ್ ಎಂಬ ವೈಮಾನಿಕ ಕಸರತ್ತಿನ ತಂಡ ಹಾರಿಸಿದ್ದು. ನಮ್ಮ ವಾಯುಪಡೆ ಹಾರಿಸಿದ್ದು ಒಬ್ಬರೇ ಕೂರುವ ಎಫ್.1 ಫೈಟರ್. ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ಕಟ್ಟಿದ್ದೂ ಅದನ್ನೇ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಬ್ಬಂಟಿಯಾಗಿ ಹೋರಾಡಿ, ಮರಣೋತ್ತರ ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಕೂತಿದ್ದದ್ದೂ ಅದರಲ್ಲೇ. ಪೆಟ್ಟಿಗೆಯಲ್ಲಿರುವುದನ್ನು ಇದ್ದ ಹಾಗೇ ಕಟ್ಟಿ 'ಇದು ಸೇಖೋನರ ವಿಮಾನ' ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಹಿಂದಿನ ಸೀಟು ಮುಚ್ಚಿಬಿಟ್ಟರೆ ಸಾಕಲ್ಲ? ನಾನೂ ಮೊದಲು ಮಾಡಿದ್ದು ಅದನ್ನೇ. ಹಿಂದಿನ ಸೀಟಿನ ಜಾಗವನ್ನು ಪುಟ್ಟಿಯಿಂದ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಬಳಿದೆ. ಮೇಜಿನ ಮೇಲಿಟ್ಟು ನೋಡಿದರೆ ಏನೋ ಸರಿಯಿಲ್ಲ. ಏನೆಂದು ತಿಳಿಯಲು ಅಳತೆಪಟ್ಟಿ ಹಿಡಿಯಬೇಕಾಯಿತು.

ಎಫ್.1ರ ರೆಕ್ಕೆಯ ಹರವು 6.73 ಮೀಟರ್, ಟಿ.1ರದು 7.32 ಮೀಟರ್. 1/72ರಲ್ಲಿ ಒಂದು 93.5 ಮಿ.ಮೀ., ಇನ್ನೊಂದು 101.7 ಮಿ.ಮೀ. ಎಂಟು ಮಿಲಿಮೀಟರ್ ವ್ಯತ್ಯಾಸ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕತ್ತರಿಸಿದರೆ ಆಯಿತು ಎನ್ನಿಸುತ್ತದೆ. ಆಗುವುದಿಲ್ಲ. ರೆಕ್ಕೆಯ ವಿಸ್ತೀರ್ಣ ನೋಡಿ: ಫೈಟರ್‌ನದು 136.6 ಚದರಡಿ, ತರಬೇತಿ ವಿಮಾನದ್ದು 175. ಹರವಿನಲ್ಲಿ ನೂರಕ್ಕೆ ಎಂಟು ಪಾಲು ಕಡಿಮೆ, ವಿಸ್ತೀರ್ಣದಲ್ಲಿ ನೂರಕ್ಕೆ ಇಪ್ಪತ್ತೆರಡು ಪಾಲು ಕಡಿಮೆ. ಅಂದರೆ ರೆಕ್ಕೆ ಅಗಲದಲ್ಲೂ ಸಣ್ಣದು. ವಿಸ್ತೀರ್ಣವನ್ನು ಹರವಿನಿಂದ ಭಾಗಿಸಿದರೆ ಸರಾಸರಿ ಅಗಲದಲ್ಲಿ ಮಾದರಿಯ ಮೇಲೆ ನಾಲ್ಕೂವರೆ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಮೈಯ ಉದ್ದ ಹದಿಮೂರು ಮಿಲಿಮೀಟರ್ ಕಡಿಮೆಯಾಗಬೇಕು. ಬಾಲದ ರೆಕ್ಕೆಗಳೂ ತರಬೇತಿ ವಿಮಾನದಲ್ಲಿ ದೊಡ್ಡವು. ಟಿ.1ರಲ್ಲಿ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲೆರಾನ್ ರೆಕ್ಕೆಯ ಹೊರತುದಿಯಲ್ಲಿ, ಇಳಿಯುವಾಗ ಕೆಳಗೆ ಬಾಗುವ ಫ್ಲ್ಯಾಪ್ ಒಳಗೆ; ಎಫ್.1ರಲ್ಲಿ ಒಳಬದಿಯ ಐಲೆರಾನ್‌ಗಳೇ ಕೆಳಗೆ ಬಾಗಿ ಫ್ಲ್ಯಾಪಿನ ಕೆಲಸವನ್ನೂ ಮಾಡುತ್ತವೆ. ಹಾಗಾಗಿ ರೆಕ್ಕೆಯ ಮೇಲಿನ ಗೆರೆಗಳನ್ನೂ ಅಳಿಸಿ ಹೊಸದಾಗಿ ಗೀರಬೇಕು.

ಕಿಟ್ಟಿನ ರೆಕ್ಕೆಯನ್ನು ಪಕ್ಕಕ್ಕಿಟ್ಟು ಪ್ಲಾಸ್ಟಿಕ್ ಹಾಳೆಯಿಂದ ಹೊಸದನ್ನೇ ಮಾಡುವುದು ಸುಲಭ ಎಂದು ಎರಡನೆಯ ಸಲ ಗೊತ್ತಾಯಿತು. ಈ ಲೆಕ್ಕ ಮಾಡುತ್ತಾ ಕೂತ ಎರಡು ದಿನಗಳಲ್ಲಿ ನಾನು ನ್ಯಾಟ್ ಬಗ್ಗೆ ಕಲಿತಷ್ಟು ಅದಕ್ಕೂ ಮುಂಚಿನ ಹತ್ತು ವರ್ಷಗಳಲ್ಲಿ ಕಲಿತಿರಲಿಲ್ಲ. ತರಬೇತಿ ವಿಮಾನಕ್ಕೆ ರೆಕ್ಕೆ ಏಕೆ ದೊಡ್ಡದು? ಕಲಿಯುವ ಹುಡುಗ ನಿಧಾನವಾಗಿ ಇಳಿಯಬೇಕು, ಅದಕ್ಕೆ. ಕತ್ತಿ ಕೈಯಲ್ಲಿ ಹಿಡಿದಾಗ ಇಂಥ ಪ್ರಶ್ನೆ ತಾನಾಗಿ ಏಳುತ್ತದೆ.

ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೆ ಅಜೀತ್. ನ್ಯಾಟ್‌ನ ಒಂದು ದೊಡ್ಡ ಕೊರತೆ ಇಂಧನ. ರೆಕ್ಕೆಯ ಕೆಳಗೆ ಹೆಚ್ಚುವರಿ ಟ್ಯಾಂಕ್ ತೂಗಿಸಿದರೆ ಬಾಂಬಿಗೆ ಜಾಗವಿಲ್ಲ. ಎಚ್‌ಎಎಲ್ ಎಂಜಿನಿಯರುಗಳು ರೆಕ್ಕೆಯ ಒಳಗನ್ನೇ ಇಂಧನದ ಟ್ಯಾಂಕ್ ಮಾಡಿದರು, ಕೆಳಗೆ ಟ್ಯಾಂಕ್, ಬಾಂಬ್ ತೂಗಿಸುವ ಪೈಲಾನ್‌ಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿದರು. 1975ರಲ್ಲಿ ಅಜೀತ್ ಹಾರಿತು. ಮಾದರಿಯಲ್ಲಿ ರೆಕ್ಕೆಯೊಳಗಿನ ಟ್ಯಾಂಕ್ ಕಾಣುವುದಿಲ್ಲ, ಪೈಲಾನ್‌ಗಳು ಕಾಣುತ್ತವೆ. ಪ್ಲಾಸ್ಟಿಕ್ ಹಾಳೆಯ ಎರಡು ಚೂರು, ಒಂದೊಂದೂ ಅಕ್ಕಿಕಾಳಿನಷ್ಟು ಉದ್ದ. ಅವನ್ನು ಅಂಟಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ನೆರೆಯ ಊರಿನಲ್ಲಿ ಯಾರೋ ನಿಜವಾದ ನ್ಯಾಟ್‌ನ ಮುಂದೆ ನಿಂತು 'ಇದನ್ನು ಹೀಗೆ ಬದಲಾಯಿಸೋಣ' ಎಂದಿದ್ದರಲ್ಲ, ಅದೇ ಕೆಲಸದ ಒಂದು ಎಳೆ ನನ್ನ ಮೇಜಿನ ಮೇಲೂ ಇತ್ತು.

ತಪ್ಪು ಕಲ್ಪನೆ: ಬಣ್ಣ ಬಳಿದು ವೃತ್ತ ಅಂಟಿಸಿದರೆ ಭಾರತದ ವಿಮಾನವಾಯಿತು

ಮಿಗ್-21ರ ವಿಷಯದಲ್ಲಿ ಈ ತಪ್ಪು ಹೆಚ್ಚು. 1963ರಲ್ಲಿ ಬಂದು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದ ವಿಮಾನ ಅದು. ಅರವತ್ತೆರಡು ವರ್ಷಗಳಲ್ಲಿ ಹಲವು ರೂಪ ತಾಳಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಕೊನೆಯ ರೂಪವಾದ 'ಬಿಸ್'. ಅದಕ್ಕೆ ಬೆಳ್ಳಿಬಣ್ಣ ಬಳಿದು 'ಢಾಕಾದ ರಾಜ್ಯಪಾಲರ ಭವನದ ಮೇಲೆ ದಾಳಿ ಮಾಡಿದ ಮಿಗ್' ಎಂದು ಫಲಕ ಹಚ್ಚುವವರಿದ್ದಾರೆ. 1971ರ ಡಿಸೆಂಬರ್ 14ರ ಆ ದಾಳಿ ಮಾಡಿದ್ದು 28ನೇ ಸ್ಕ್ವಾಡ್ರನ್ನಿನ ಎಫ್‌ಎಲ್ ಮಾದರಿ. ಬಿಸ್ ಆಗ ಭಾರತದಲ್ಲಿ ಇರಲೇ ಇಲ್ಲ.

ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಎಫ್‌ಎಲ್‌ನ ಬೆನ್ನು ತೆಳು, ಬಿಸ್‌ನ ಬೆನ್ನು ಉಬ್ಬಿದ್ದು. ಎಫ್‌ಎಲ್‌ಗೆ ರೆಕ್ಕೆಯಡಿ ಎರಡು ಪೈಲಾನ್, ಬಿಸ್‌ಗೆ ನಾಲ್ಕು. ಎಫ್‌ಎಲ್‌ನ ಗಾಜಿನ ಮುಚ್ಚಳ ಮುಂದಕ್ಕೆ ಬಾಗಿ ತೆರೆಯುತ್ತದೆ, ಬಿಸ್‌ನದು ಪಕ್ಕಕ್ಕೆ. ಎಫ್‌ಎಲ್‌ನ ಮೈಯೊಳಗೆ ಫಿರಂಗಿ ಇರಲಿಲ್ಲ. ಹೊಟ್ಟೆಯಡಿಗೆ ಜಿಪಿ-9 ಎಂಬ ತೊಟ್ಟಿಲು ಕಟ್ಟಿ ಅದರಲ್ಲಿ ಅವಳಿ ನಳಿಗೆಯ 23 ಮಿ.ಮೀ. ಫಿರಂಗಿ ಇಟ್ಟರು. ಬಿಸ್‌ನ ಕಿಟ್ಟಿನಿಂದ ಎಫ್‌ಎಲ್ ಮಾಡುವುದೆಂದರೆ ಬೆನ್ನು ಪೂರ್ತಿ ಕೊಯ್ದು ತೆಗೆಯುವ ಕೆಲಸ. ಸರಿಯಾದ ಮೂಲ ಕಿಟ್ ಆರಿಸಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ವಾಯುಪಡೆಯ ಗುರುತಾದ ವೃತ್ತದ ವಿಷಯಕ್ಕೂ ಕಾಲ ನೋಡಬೇಕು. ಈಗಿನ ಹಸಿರು, ಬಿಳಿ, ಒಳಗೆ ಕೇಸರಿ ವೃತ್ತ ಬಂದದ್ದು 1950ರಲ್ಲಿ. ಬರ್ಮಾ ಯುದ್ಧದ ಕಾಲದ ನಮ್ಮ ವೆಂಜೆನ್ಸ್, ಹರಿಕೇನ್ ವಿಮಾನಗಳಿಗೆ ಅದನ್ನು ಅಂಟಿಸುವಂತಿಲ್ಲ. ಅಲ್ಲಿ ನೀಲಿಯ ಎರಡು ಛಾಯೆ ಮಾತ್ರ, ಕೆಂಪು ಇಲ್ಲ. ಜಪಾನಿನ ಕೆಂಪು ಸೂರ್ಯನೆಂದು ನಮ್ಮವರೇ ಗುಂಡು ಹಾರಿಸಬಾರದೆಂದು ತೆಗೆದುಹಾಕಿದ್ದರು.

ಡಿಕಾಲ್, ಅಂದರೆ ಮೈಗೆ ಅಂಟಿಸುವ ತೆಳು ಚಿತ್ರ, ಸಿಗದಿದ್ದರೆ ಲೇಸರ್ ಪ್ರಿಂಟರಿನಲ್ಲಿ ಡಿಕಾಲ್ ಹಾಳೆಯ ಮೇಲೆ ಮುದ್ರಿಸಬಹುದು. ಸಾಮಾನ್ಯ ಪ್ರಿಂಟರಿಗೆ ಬಿಳಿ ಬಣ್ಣ ಇಲ್ಲ, ಉಳಿದ ಬಣ್ಣಗಳೂ ಪಾರದರ್ಶಕ. ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿದ ಕೇಸರಿಯನ್ನು ಹಸಿರು ಮರೆಬಣ್ಣದ ಮೇಲೆ ಅಂಟಿಸಿದರೆ ಅದು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಹಾಳೆಯಲ್ಲಿ ಮುದ್ರಿಸಿ ಅಂಚಿಗೆ ಸರಿಯಾಗಿ ಕತ್ತರಿಸಿ. ಅಂಟಿಸುವ ಮೊದಲು ಮೈಗೆ ಹೊಳಪಿನ ವಾರ್ನಿಷ್ ಕೊಡಿ. ಒರಟು ಮೇಲ್ಮೈಯಲ್ಲಿ ಡಿಕಾಲ್‌ನಡಿ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಮಿನುಗುತ್ತದೆ.

ತಪ್ಪು ಕಲ್ಪನೆ: ಎರಡು ಕಿಟ್ ಸೇರಿಸಿ ಒಂದು ಮಾಡುವುದು ಕಲಬೆರಕೆ

ಕಿಟ್‌ಬ್ಯಾಶಿಂಗ್ ಎಂದರೆ ಮೂಗು ಮುರಿಯುವವರಿಗೆ ನಾನು ಬೆಂಗಳೂರಿನ ಲಿಬರೇಟರ್ ಕಥೆ ಹೇಳುತ್ತೇನೆ. ಎರಡನೆಯ ಮಹಾಯುದ್ಧ ಮುಗಿದಾಗ ನಾಲ್ಕು ಎಂಜಿನ್ನಿನ ಬಿ-24 ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಯಾರೂ ಮತ್ತೆ ಹಾರಿಸಬಾರದೆಂದು ಬೇಕಂತಲೇ ಕೆಡಿಸಿ ಬಿಟ್ಟಿದ್ದರು. ಸ್ವಾತಂತ್ರ್ಯದ ಬಳಿಕ ಬಾಂಬರುಗಳಿಗೆ ಹುಡುಕಾಡುತ್ತಿದ್ದ ವಾಯುಪಡೆಗೆ ಈ ಗುಜರಿ ನೆನಪಾಯಿತು. ಎಚ್‌ಎಎಲ್‌ನವರು ಅಲ್ಲಿಯೇ ತಾತ್ಕಾಲಿಕವಾಗಿ ದುರಸ್ತಿ ಮಾಡಿದರು, ಎಚ್‌ಎಎಲ್ ಪೈಲಟ್ ಜಿಮ್ಮಿ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು, ಇಲ್ಲಿ ಪೂರ್ತಿ ಹೊಸದಾಗಿ ಸಜ್ಜುಗೊಂಡವು. 1948ರಲ್ಲಿ ಸೇವೆಗೆ ಸೇರಿದ ಈ ವಿಮಾನಗಳು 1968ರ ತನಕ ಹಾರಿದವು. ಜಗತ್ತಿನ ಸಂಗ್ರಹಾಲಯಗಳಲ್ಲಿ ಇವತ್ತು ಉಳಿದಿರುವ ಲಿಬರೇಟರುಗಳಲ್ಲಿ ಹಲವು ಹೀಗೆ ಭಾರತದಿಂದ ಹೋದವೇ. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿಗೆ ಸೇರಿದ್ದೂ ಅಂಥದ್ದೊಂದು.

ಚೀನಾದಲ್ಲಿ 1941ರಲ್ಲಿ ಇನ್ನೂ ಸ್ಪಷ್ಟವಾದ ಉದಾಹರಣೆ ನಡೆಯಿತು. ಬಾಂಬಿಗೆ ಒಂದು ರೆಕ್ಕೆ ಕಳೆದುಕೊಂಡ ಡಿಸಿ-3 ವಿಮಾನಕ್ಕೆ ಅದರ ಹಿಂದಿನ ಮಾದರಿಯಾದ ಡಿಸಿ-2ರ ರೆಕ್ಕೆಯನ್ನೇ ಜೋಡಿಸಿದರು. ಒಂದು ಕಡೆ ಐದು ಅಡಿ ಗಿಡ್ಡ. ಆದರೂ ಹಾರಿತು. ಅದಕ್ಕೆ ಡಿಸಿ-ಎರಡೂವರೆ ಎಂದೇ ಹೆಸರು ಬಿತ್ತು. ಕಾರ್ಖಾನೆಯ ಎಂಜಿನಿಯರು ಮಾಡಬಹುದಾದದ್ದನ್ನು ಮೇಜಿನ ಮುಂದೆ ಕೂತವನು ಮಾಡಿದರೆ ತಪ್ಪೇನು?

ತಪ್ಪು ಕಲ್ಪನೆ: ನಮ್ಮಂಥ ಊರಿನಲ್ಲಿ ಇದಕ್ಕೆ ಸಾಮಾನು ಸಿಗುವುದಿಲ್ಲ

ಕಿಟ್ ಸಿಗುವುದಿಲ್ಲ, ನಿಜ. ಅಂಚೆಯಲ್ಲೋ ಬೆಂಗಳೂರಿನಿಂದಲೋ ತರಿಸಬೇಕು. ಬದಲಾವಣೆಗೆ ಬೇಕಾದ ಸಾಮಾನು ಮಾತ್ರ ಹಿಂದೂಪುರದ ಬಜಾರಿನಲ್ಲಿ, ಕಲ್ಯಾಣದುರ್ಗದ ಅಕ್ಕಸಾಲಿಗರ ಅಂಗಡಿಗಳಲ್ಲಿ ತುಂಬಿ ತುಳುಕುತ್ತಿದೆ. ಸೂಜಿಯಂಥ ಸಣ್ಣ ಅರ, ಕೂದಲಿನಂಥ ಗರಗಸ, ಕೈಯಲ್ಲೇ ತಿರುಗಿಸುವ ಪುಟ್ಟ ಭೈರಿಗೆ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಇವೆಲ್ಲ ಅಕ್ಕಸಾಲಿಗರ ದಿನನಿತ್ಯದ ಉಪಕರಣಗಳು. ವಿದೇಶದ ಹವ್ಯಾಸ ಕಂಪನಿಗಳು ಇವನ್ನೇ ಬೇರೆ ಹೆಸರಿನಲ್ಲಿ, ಹಲವು ಪಟ್ಟು ಬೆಲೆಗೆ ಮಾರುತ್ತವೆ. ಔಷಧಿ ಅಂಗಡಿಯ ಇಂಜೆಕ್ಷನ್ ಸೂಜಿಯ ಮೊನೆ ಅರೆದರೆ ಒಳಗೆ ಟೊಳ್ಳಿರುವ ಫಿರಂಗಿ ನಳಿಗೆ ಸಿದ್ಧ. ಹಳೆಯ ಸಿಡಿ ಡಬ್ಬಿ ಅಪ್ಪಟ ಪಾರದರ್ಶಕ ಪಾಲಿಸ್ಟೈರೀನ್. ರೆಕ್ಕೆಯಂಚಿನ ದೀಪ ಅದರಿಂದ ಕಡೆಯಬಹುದು. ಹಳೆಯ ಬ್ಯಾಂಕ್ ಕಾರ್ಡ್ ಬಳಸಬೇಡಿ. ಅದು ಪಿವಿಸಿ, ಪಾಲಿಸ್ಟೈರೀನ್ ಸಿಮೆಂಟಿನಿಂದ ಸರಿಯಾಗಿ ಬೆಸೆಯುವುದಿಲ್ಲ.

ಕಿಟ್ಟಿನ ಭಾಗಗಳನ್ನು ಹಿಡಿದಿಟ್ಟ ಚೌಕಟ್ಟಿನ ಕಡ್ಡಿ, ಅದಕ್ಕೆ ಸ್ಪ್ರೂ ಎನ್ನುತ್ತೇವೆ, ಅದನ್ನೂ ಎಸೆಯಬೇಡಿ. ದೀಪದ ಜ್ವಾಲೆಗೆ ತಾಗಿಸದೆ ಮೇಲೆ ಹಿಡಿದು ತಿರುಗಿಸುತ್ತಾ ಇರಿ. ಮೆತ್ತಗಾದ ಕ್ಷಣ ಹೊರಗೆ ತೆಗೆದು ಎರಡೂ ಕಡೆ ನಿಧಾನ ಎಳೆದರೆ ಬೆಲ್ಲದ ಎಳೆಪಾಕದ ಹಾಗೆ ಜಗ್ಗುತ್ತದೆ. ಎಳೆತದ ವೇಗದ ಮೇಲೆ ಕಡ್ಡಿಯೋ ಕೂದಲೋ ನಿಮ್ಮ ಕೈಯಲ್ಲೇ ತೀರ್ಮಾನವಾಗುತ್ತದೆ.

ಆದರೆ ನಮ್ಮ ಊರು ಕೊಡುವ ಅತ್ಯುತ್ತಮ ವಸ್ತು ರೇಷ್ಮೆ. ಹಿಂದೂಪುರದ ಗೂಡಿನ ಮಾರುಕಟ್ಟೆ ಗೊತ್ತಿಲ್ಲದ ರೈತ ಈ ಸೀಮೆಯಲ್ಲಿಲ್ಲ. ರೀಲಿಂಗ್ ಮಾಡುವವರ ಬಳಿ ಸಿಗುವ 20/22 ಡೆನಿಯರ್ ಕಚ್ಚಾ ರೇಷ್ಮೆಯ ಒಂದು ಎಳೆ ತೆಗೆದುಕೊಳ್ಳಿ. ಡೆನಿಯರ್ ಎಂದರೆ ಒಂಬತ್ತು ಸಾವಿರ ಮೀಟರ್ ನೂಲಿನ ಗ್ರಾಂ ತೂಕ. ರೇಷ್ಮೆಯ ಸಾಂದ್ರತೆ ಗೊತ್ತಿದ್ದರೆ ದಪ್ಪ ಲೆಕ್ಕ ಹಾಕಬಹುದು. ನಾನು ಹಾಕಿದಾಗ ಬಂದದ್ದು ಸುಮಾರು 0.047 ಮಿ.ಮೀ. ಎಪ್ಪತ್ತೆರಡರಿಂದ ಗುಣಿಸಿ: 3.4 ಮಿ.ಮೀ. ಕಾಕ್‌ಪಿಟ್ಟಿನ ಹಿಂದಿನಿಂದ ಲಿಬರೇಟರಿನ ಅವಳಿ ಬಾಲಕ್ಕೆ ಎಳೆದಿರುತ್ತಿದ್ದ ರೇಡಿಯೋ ತಂತಿಗೆ ಒಪ್ಪುವ ದಪ್ಪ. ಮೀನು ಹಿಡಿಯುವ ದಾರ ಈ ಅಳತೆಗೆ ಹಗ್ಗದಂತೆ ಕಾಣುತ್ತದೆ. ನೂಲಿನ ಜುಂಗು ಕೂರಿಸಲು ನೀರು ಬೆರೆಸಿದ ಫೆವಿಕಾಲ್ ಸವರಿದ ಬೆರಳಿನ ನಡುವೆ ಒಮ್ಮೆ ಎಳೆಯಬೇಕು. ಮಳೆಗಾಲದಲ್ಲಿ ಎಳೆ ತುಸು ಸಡಿಲಾಗುತ್ತದೆ. ನಮ್ಮ ಕಡೆ ಅಂಥ ದಿನಗಳು ಕಡಿಮೆ.

ತಪ್ಪು ಕಲ್ಪನೆ: ಯಾವ ಗಟ್ಟಿ ಅಂಟಾದರೂ ಸರಿ

ಪಾಲಿಸ್ಟೈರೀನ್‌ಗೆ ಹಾಕುವ ದ್ರವ ಸಿಮೆಂಟು ಅಂಟೇ ಅಲ್ಲ, ದ್ರಾವಕ. ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ದ್ರಾವಕ ಆವಿಯಾದ ಮೇಲೆ ಉಳಿಯುವುದು ಪ್ಲಾಸ್ಟಿಕ್ ಮಾತ್ರ. ಲೋಹಕ್ಕೋ ಮರಕ್ಕೋ ರಾಳದ (ರೆಸಿನ್) ಭಾಗಕ್ಕೋ ಇದು ಕೆಲಸಕ್ಕೆ ಬರುವುದಿಲ್ಲ, ಕರಗಲು ಅಲ್ಲಿ ಪಾಲಿಸ್ಟೈರೀನ್ ಇಲ್ಲವಲ್ಲ. ಅಲ್ಲಿಗೆ ಸೂಪರ್ ಗ್ಲೂ. ಅದಕ್ಕೆ ಅಡುಗೆ ಸೋಡಾ ಚಿಮುಕಿಸಿದರೆ ಕ್ಷಣದಲ್ಲಿ ಕಲ್ಲಾಗುವ ಪುಟ್ಟಿ. ಒಂದು ಗಂಟೆಯೊಳಗೆ ಉಜ್ಜಿಬಿಡಿ, ಬಿಟ್ಟರೆ ಸುತ್ತಲಿನ ಪ್ಲಾಸ್ಟಿಕ್ ಸವೆದು ಅದೊಂದೇ ದಿಣ್ಣೆಯಾಗಿ ಉಳಿಯುತ್ತದೆ. ಗಾಜಿನ ಮುಚ್ಚಳದ ಹತ್ತಿರಕ್ಕೆ ಸೂಪರ್ ಗ್ಲೂ ಬೇಡವೇ ಬೇಡ, ಅದರ ಆವಿ ಕೂತು ಬೆಳ್ಳಗೆ ಮಂಜು ಕವಿಯುತ್ತದೆ. ಅಲ್ಲಿಗೆ ಶಾಲೆಯ ಚೀಲದಲ್ಲಿರುವ ಬಿಳಿ ಫೆವಿಕಾಲ್ ಸಾಕು. ಒಣಗಿದರೆ ಪಾರದರ್ಶಕ, ಹೆಚ್ಚಾದರೆ ಒದ್ದೆ ಬಟ್ಟೆಯಿಂದ ಒರೆಸಬಹುದು.

ತಪ್ಪು ಕಲ್ಪನೆ: ಬಿಸಿಲ ಸೀಮೆ, ಬಣ್ಣ ಬೇಗ ಒಣಗುತ್ತದೆ, ಅನುಕೂಲ

ಅನಂತಪುರ ಸೀಮೆಯ ಬೇಸಿಗೆಯಲ್ಲಿ ಏರ್‌ಬ್ರಷ್ ಹಿಡಿದವರು ಈ ಮಾತು ಆಡಲಾರರು. ಅಕ್ರಿಲಿಕ್ ಬಣ್ಣದ ಹನಿ ಮೂತಿಯಿಂದ ಹೊರಟು ರೆಕ್ಕೆ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗುತ್ತದೆ. ಬಿದ್ದದ್ದು ಬಣ್ಣವಾಗದೆ ರವೆಯಾಗಿ ಕೂರುತ್ತದೆ, ಕೈಯಾಡಿಸಿದರೆ ಉಪ್ಪುಕಾಗದ. ಬ್ರಷ್‌ನ ಮೂತಿಯಲ್ಲೂ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ನಿಧಾನಕಾರಕ ದ್ರವವನ್ನು ಕೆಲವು ಹನಿ ಬೆರೆಸಿ, ಬಣ್ಣ ಇನ್ನೂ ತೆಳು ಮಾಡಿ, ಬ್ರಷ್ ಹತ್ತಿರ ಹಿಡಿದು, ಬೆಳಗಿನ ಆರು ಗಂಟೆಯ ಒಳಗೆ ಮುಗಿಸುವುದು ನಾನು ಕಂಡುಕೊಂಡ ದಾರಿ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಒಕ್ಕುವ ದಿನಗಳಲ್ಲಂತೂ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವುದೇ ಇಲ್ಲ. ಒಣಗಾಳಿಗೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ, ಹೊಟ್ಟಿನ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ದೊಡ್ಡ ಡಬ್ಬಿಯ ಕೆಳಗೆ ಮುಚ್ಚಿಡಬೇಕು.

ಇನ್ನೊಂದು ಭಯವೂ ಇದೆ: ಬಿಸಿಲಿಗೆ ಮಾದರಿ ಕರಗೀತೇ? ಪಾಲಿಸ್ಟೈರೀನ್ ಮೆದುವಾಗುವುದು ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿ. ಮನೆಯೊಳಗಿನ ಸೆಕೆಗೆ ಏನೂ ಆಗದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಕಿಟಕಿಯ ಹಿಂದೆ ಮಾತ್ರ ಬಿಡಬೇಡಿ, ಭಾರ ಹೊತ್ತ ತೆಳು ಭಾಗ ಅಲ್ಲಿ ಬಾಗಬಹುದು. ಅದೇ ಶಾಖ ಉಪಕಾರಿಯೂ ಹೌದು: ಸೊಟ್ಟಗಾದ ರಾಳದ ರೆಕ್ಕೆಯನ್ನು ಬಿಸಿನೀರಲ್ಲಿ ಅದ್ದಿ, ಗಾಜಿನ ಮೇಲೆ ಒತ್ತಿ ಹಿಡಿದು ತಣ್ಣೀರಿಗೆ ಹಾಕಿದರೆ ನೆಟ್ಟಗಾಗುತ್ತದೆ.

ತಪ್ಪು ಕಲ್ಪನೆ: ಗೆರೆಗಳು ಎದ್ದು ಕಂಡಷ್ಟೂ ಮಾದರಿ ನಿಜವೆನಿಸುತ್ತದೆ

ಲೆಕ್ಕ ಮಾಡಿ ನೋಡಿ. ನಿಜವಾದ ವಿಮಾನದ ಎರಡು ಲೋಹದ ಹಾಳೆಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಇದ್ದರೆ, 1/72ರಲ್ಲಿ ಅದು ಸುಮಾರು 0.04 ಮಿ.ಮೀ. ಮೀರದು. ಕಪ್ಪು ಶಾಯಿ ತುಂಬಿದ ಅರ್ಧ ಮಿಲಿಮೀಟರ್ ಗೆರೆ ನಿಜ ಜೀವನದಲ್ಲಿ ಮೂರೂವರೆ ಸೆಂಟಿಮೀಟರ್ ಚರಂಡಿ. ಕಣ್ಣಿಗೆ ನಿಜವಾಗಿ ಚುಚ್ಚುವ ತಪ್ಪು ಬೇರೆ ಕಡೆ ಇದೆ: ರೆಕ್ಕೆಯ ಹಿಂದಿನ ಅಂಚು. ಅಚ್ಚಿನ ಮಿತಿಯಿಂದ ಒಂದು ಮಿಲಿಮೀಟರ್ ದಪ್ಪ ಉಳಿದರೆ ಅದು ಸುಮಾರು ಮೂರು ಅಂಗುಲ ದಪ್ಪದ ಹಲಗೆ. ಒಳಗಿನಿಂದ ಅರೆದು ಅದನ್ನು ಚಾಕುವಿನಂಚಿನ ಹಾಗೆ ಮಾಡಿ. ಇಡೀ ಮಾದರಿ ಹಗುರವಾಗಿ ಕಾಣತೊಡಗುತ್ತದೆ.

ತಪ್ಪು ಕಲ್ಪನೆ: ಸಂಗ್ರಹಾಲಯದ ವಿಮಾನ ನೋಡಿದರೆ ಸಾಕು, ಅದೇ ಅಂತಿಮ ಪ್ರಮಾಣ

ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋಗಿ ಮಾರುತ್, ಅಜೀತ್, ಕಿರಣ್ ವಿಮಾನಗಳ ಸುತ್ತ ತಿರುಗದ ನಮ್ಮ ಕಡೆಯ ಮಾದರಿಗಾರ ಇರಲಾರ. ಆಕಾರಕ್ಕೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ: ಮೇಲೆ ಕೆಳಗೆ, ಚಕ್ರದ ಗುಂಡಿಯೊಳಗೆ, ಎಲ್ಲ ಕೋನದಿಂದಲೂ ನೋಡಬಹುದು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದ ಗೆಳೆಯನನ್ನು ನಿಲ್ಲಿಸಿ ಫೋಟೊ ತೆಗೆಯಬಹುದು. ಬಣ್ಣಕ್ಕೆ ಮಾತ್ರ ಸಂಗ್ರಹಾಲಯವನ್ನು ಪೂರ್ತಿ ನಂಬುವಂತಿಲ್ಲ. ಇದು ಎಲ್ಲ ದೇಶಗಳ ಕಥೆ. ಬಯಲಲ್ಲಿ ನಿಂತ ವಿಮಾನಕ್ಕೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಾರೆ, ಆಂಟೆನಾ ತೆಗೆದಿರುತ್ತಾರೆ, ಎಂಜಿನ್ ಹೊರತೆಗೆದ ಮೇಲೆ ಚಕ್ರದ ಕಾಲುಗಳು ಹಾರುವ ದಿನಗಳಿಗಿಂತ ಎತ್ತರಕ್ಕೆ ನಿಲ್ಲುತ್ತವೆ. ಬಣ್ಣಕ್ಕೆ ಆ ಕಾಲದ ಫೋಟೊ, ಆಕಾರಕ್ಕೆ ನಿಂತ ವಿಮಾನ.

ತಪ್ಪು ಕಲ್ಪನೆ: 3ಡಿ ಪ್ರಿಂಟರ್ ಬಂದ ಮೇಲೆ ಕೈಕೆಲಸ ಮುಗಿಯಿತು

ಪ್ರಿಂಟರ್ ಒಳ್ಳೆಯ ಸಹಾಯಕ. ಸೀಟು, ಚಕ್ರ, ಪೈಲಾನ್‌ಗಳನ್ನು ಅದು ಚೆನ್ನಾಗಿ ಮಾಡಿಕೊಡುತ್ತದೆ. ಪ್ರಿಂಟರಿನ ಹಸಿ ರಾಳಕ್ಕೆ ಕೈಗವಸು ಬೇಕು, ಒಣಗಿದ್ದನ್ನು ಅರೆಯುವಾಗ ಮೂಗಿಗೆ ಮಾಸ್ಕ್, ಜತೆಗೆ ನೀರು ಹಾಕಿ ಅರೆಯಬೇಕು; ಇದರಲ್ಲಿ ಉದಾಸೀನ ಬೇಡ. ಆದರೆ ಯಾವ ಆಕಾರ ಮುದ್ರಿಸಬೇಕೆಂದು ಯಾರಾದರೂ ಮೊದಲು ಅಳೆದಿರಬೇಕಲ್ಲ?

ನಾನೀಗ ಮಾಡುತ್ತಿರುವ ಮಾರುತ್‌ಗೆ ನನ್ನ ಬಳಿ ಇರುವ ಯಾವ ಕಿಟ್ಟಿನ ಮೈಯೂ ಹೊಂದುವುದಿಲ್ಲ. ಜರ್ಮನಿಯ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜತೆ ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲು ಹಾರಿಸಿದ ವಿಮಾನ. ಅದಕ್ಕೂ ಮೊದಲು, 1959ರಲ್ಲಿ, ಎಂಜಿನ್ ಇಲ್ಲದ ಪೂರ್ಣ ಗಾತ್ರದ ಒಂದು ಗ್ಲೈಡರನ್ನು ಮರದಲ್ಲೇ ಕಟ್ಟಿ, ಇನ್ನೊಂದು ವಿಮಾನದಿಂದ ಎಳೆಸಿ ಹಾರಿಸಿ ಪರೀಕ್ಷಿಸಿದ್ದರು. 1/1 ಅಳತೆಯ ಮಾದರಿ ಅದು. ಅವರು ಮರದಿಂದ ಶುರು ಮಾಡಿದರು, ನಾನೂ ಮರದಿಂದಲೇ ಶುರು ಮಾಡಿದ್ದೇನೆ. ಚನ್ನಪಟ್ಟಣದವರೂ ಆಂಧ್ರದ ಏಟಿಕೊಪ್ಪಾಕದವರೂ ಗೊಂಬೆಗೆ ಬಳಸುವ ಹಾಲೆಮರದ ತುಂಡು. ನಾರು ನಯ, ಚಾಕು ಹೇಳಿದ ಕಡೆ ಹೋಗುತ್ತದೆ. ಮಾದರಿಯ ಉದ್ದ 220 ಮಿ.ಮೀ., ರೆಕ್ಕೆಯ ಹರವು 125. ಮರದ ಮೈ ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅದರ ಮೇಲೆ ಒತ್ತಿ ಎರಡು ಹೋಳು ತೆಗೆಯಬೇಕು, ಒಂದು ಎಡಕ್ಕೆ, ಒಂದು ಬಲಕ್ಕೆ. ಮಾರುತ್‌ನ ಮೈ ರೆಕ್ಕೆ ಸೇರುವಲ್ಲಿ ಸೊಂಟದಂತೆ ಸಣ್ಣಗಾಗುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲೆಂದು ಮಾಡಿದ ಉಪಾಯ. ನನ್ನ ಮರದಲ್ಲಿ ಆ ಸೊಂಟ ಇನ್ನೂ ಅರ್ಧ ಮಿಲಿಮೀಟರ್ ದಪ್ಪ ಇದೆ. ಭಾನುವಾರ ಮತ್ತೆ ಉಪ್ಪುಕಾಗದ ಹಿಡಿಯಬೇಕು.